ಟ್ರೇಲರ್ ಎಳೆಯೋಕೂ ಬೇಕು, ದಿನಾ ಓಡಿಸೋಕೂ ಬೇಕು: ಪುಣೆಯಲ್ಲಿ ಕಡಿಮೆ ಬೆಲೆಯ ಹಳೆಯ ಪಿಕಪ್ ಆರಿಸುವ ಸಮಗ್ರ ಮಾರ್ಗದರ್ಶಿ

ಹಳೆಯ ಪಿಕಪ್ ನೋಡಲು ಹೋದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಳೆಯುತ್ತದೆ? ಮಾರುವವರ ಹತ್ತಿರ ಅದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಎರಡು ಟನ್ ಹಾಕಿ, ಏನೂ ಆಗಲ್ಲ ಅಂತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ. ಹಿಂದೆ ಭಾರ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ ಈ ಗಾಡಿ ನಿಲ್ಲುತ್ತದಾ?

ಪುಣೆಯಲ್ಲಿ ಇರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ ಕಡೆಯಿಂದ ಬರುವಾಗ ಹೊಸ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೆ ರಸ್ತೆ ಇಳಿಯುತ್ತಲೇ ಇರುತ್ತದೆ. ಭಾರದ ಗಾಡಿಗಳ ಬ್ರೇಕ್ ಕೈಕೊಟ್ಟು ಅಲ್ಲಿ ಎಷ್ಟು ಅಪಘಾತಗಳಾಗಿವೆ ಅಂತ ನಮಗೆಲ್ಲ ಗೊತ್ತು. ದೋಸೆ ಟ್ರೇಲರ್ ಎಳೆಯುವವರು, ಕೇಟರಿಂಗ್ ಸಾಮಾನು ಸಾಗಿಸುವವರು, ಜನರೇಟರ್ ಬಾಡಿಗೆಗೆ ಕೊಡುವವರು, ಎಲ್ಲರೂ ಒಂದಲ್ಲ ಒಂದು ದಿನ ಆ ಇಳಿಜಾರು ಇಳಿಯಲೇಬೇಕು. ಹಾಗಾಗಿ ಈ ಇಡೀ ಮಾರ್ಗದರ್ಶಿಯಲ್ಲಿ ನಾನು ಎಳೆಯುವ ಶಕ್ತಿಗಿಂತ ನಿಲ್ಲಿಸುವ ಶಕ್ತಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಗಾಡಿ ನೋಡುವ ಮುನ್ನ ಟ್ರೇಲರ್ ತೂಗಿ

ಎಳೆಯಬೇಕಾದ ತೂಕ ಗೊತ್ತಿಲ್ಲದೆ ಗಾಡಿ ಹುಡುಕಬೇಡಿ. ಅಂದಾಜಿನ ತೂಕ ಹೆಚ್ಚಿನ ಸಲ ಕಡಿಮೆಯೇ ಆಗಿರುತ್ತದೆ. ಒಂದು ಚಿಕ್ಕ ದೋಸೆ ಟ್ರೇಲರ್ ಲೆಕ್ಕ ನೋಡಿ. ಖಾಲಿ ಟ್ರೇಲರ್ 450 ಕಿಲೋ ಅಂತ ಇಟ್ಟುಕೊಳ್ಳೋಣ. 200 ಲೀಟರ್ ನೀರು ತುಂಬಿಸಿದರೆ 200 ಕಿಲೋ ಸೇರಿತು. ಎರಡು ಕಮರ್ಷಿಯಲ್ ಸಿಲಿಂಡರ್ ಸುಮಾರು 70 ಕಿಲೋ. ಕಾವಲಿ, ಒಲೆ, ಪಾತ್ರೆ 120. ಹಿಟ್ಟು, ಅಕ್ಕಿ, ತರಕಾರಿ 60. ಒಟ್ಟು 900 ಕಿಲೋ ಆಯಿತು! ಅರ್ಧ ಟನ್ ಇರಬಹುದು ಅಂತ ಹೊರಟವರ ಟ್ರೇಲರ್ ಅದರ ಎರಡರಷ್ಟಕ್ಕೆ ಹತ್ತಿರ ಬಂದಿರುತ್ತದೆ.

ಹೆದ್ದಾರಿ ಪಕ್ಕದಲ್ಲಿ, ಎಂಐಡಿಸಿ (ಕೈಗಾರಿಕಾ) ಏರಿಯಾಗಳಲ್ಲಿ ತೂಕದ ಕಾಟಾ ಇರುತ್ತದೆ. ಟ್ರೇಲರ್‌ಗೆ ಸಾಮಾನು ಪೂರ್ತಿ ತುಂಬಿಸಿ ಅಲ್ಲಿಗೆ ಒಯ್ಯಿರಿ. ಮೊದಲು ಟ್ರೇಲರನ್ನು ಗಾಡಿಯಿಂದ ಬಿಚ್ಚಿ ಅದೊಂದನ್ನೇ ತೂಗಿಸಿ. ಆಮೇಲೆ ಗಾಡಿಗೆ ಸಿಕ್ಕಿಸಿ, ಟ್ರೇಲರ್‌ನ ಚಕ್ರಗಳು ಮಾತ್ರ ಕಾಟಾ ಮೇಲೆ ಇರುವಂತೆ ನಿಲ್ಲಿಸಿ ಮತ್ತೆ ತೂಗಿಸಿ. ಎರಡರ ನಡುವಿನ ವ್ಯತ್ಯಾಸವೇ ಕೊಂಡಿಯ ಮೇಲೆ ಬೀಳುವ ತೂಕ. ಅದು ಒಟ್ಟು ತೂಕದ ಶೇಕಡಾ 10ರ ಆಸುಪಾಸಿನಲ್ಲಿದ್ದರೆ ಟ್ರೇಲರ್ ನೆಟ್ಟಗೆ ಬರುತ್ತದೆ. ತೀರಾ ಕಡಿಮೆ ಇದ್ದರೆ ವೇಗ ಹೆಚ್ಚಿದಾಗ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ತೀರಾ ಜಾಸ್ತಿಯಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ನೀರಿನ ಟ್ಯಾಂಕನ್ನು ಟ್ರೇಲರ್‌ನ ಹಿಂತುದಿಯಲ್ಲಿ ಇಡಬಾರದು ಅನ್ನುವುದು ಕೊಂಡಿಯ ಮೇಲಿನ ತೂಕ ತೀರಾ ಕಡಿಮೆಯಾಗಬಾರದು ಅನ್ನುವ ಕಾರಣಕ್ಕೆ.

ಈಗ ಬ್ರೇಕಿನ ವಿಷಯ. ಸ್ವಂತ ಬ್ರೇಕ್ ಇಲ್ಲದ ಟ್ರೇಲರ್‌ಗೆ 750 ಕಿಲೋ ಮಿತಿ ಅಂತ ಅನೇಕ ಪಿಕಪ್‌ಗಳ ಕೈಪಿಡಿಯಲ್ಲಿ ಬರೆದಿರುತ್ತದೆ. ಅದಕ್ಕಿಂತ ಹೆಚ್ಚಾದರೆ ಟ್ರೇಲರ್‌ಗೆ ತನ್ನದೇ ಬ್ರೇಕ್ ಬೇಕು. ಮೇಲಿನ ದೋಸೆ ಟ್ರೇಲರ್ ಈಗಾಗಲೇ ಆ ಗೆರೆ ದಾಟಿದೆ. ಸ್ಥಳೀಯವಾಗಿ ವೆಲ್ಡಿಂಗ್ ಮಾಡಿಸಿದ ಟ್ರೇಲರ್‌ಗಳಲ್ಲಿ ಎಷ್ಟೋ ಸಲ ಬ್ರೇಕೇ ಇರುವುದಿಲ್ಲ. ನಿಮ್ಮದೂ ಹಾಗೇ ಇದ್ದರೆ, ದೊಡ್ಡ ಇಂಜಿನ್ ಗಾಡಿಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ತೆಗೆದು ಮೊದಲು ಟ್ರೇಲರ್‌ಗೆ ಬ್ರೇಕ್ ಹಾಕಿಸಿ. ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲಕ್ಕೆ ತಾನಾಗಿ ಹಿಡಿಯುವ ಓವರ್‌ರನ್ ಬ್ರೇಕ್ ಈ ಗಾತ್ರದ ಟ್ರೇಲರ್‌ಗೆ ಸಾಕು.

ತೊಟ್ಟಿ ನಿಜವಾಗಿಯೂ ಬೇಕಾ?

ತೊಟ್ಟಿ ಅಂದರೆ ಪಿಕಪ್‌ನ ಹಿಂದೆ ಸಾಮಾನು ಹಾಕುವ ತೆರೆದ ಜಾಗ. ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಸಾಮಾನೆಲ್ಲ ಟ್ರೇಲರ್‌ನಲ್ಲೇ ಹೋಗುತ್ತದೆ, ಗಾಡಿಯಲ್ಲಿ ಜನ ಮಾತ್ರ ಕೂರುತ್ತಾರೆ ಅನ್ನುವುದಾದರೆ ಪಿಕಪ್ ಬೇಕಾಗಿಲ್ಲ. ಲ್ಯಾಡರ್ ಚಾಸಿಯ, ಅಂದರೆ ಏಣಿಯಂಥ ಗಟ್ಟಿ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ, ಹಳೆಯ ಸ್ಕಾರ್ಪಿಯೊ, ಸಫಾರಿ ಸ್ಟಾರ್ಮ್ ಅಥವಾ ಇನ್ನೋವಾ ಸಾಕು. ಬಿಳಿ ನಂಬರ್ ಪ್ಲೇಟ್ ಇರುತ್ತದೆ, ಸೊಸೈಟಿಯಲ್ಲಿ ನಿಲ್ಲಿಸಲು ತಕರಾರು ಇಲ್ಲ, ಮಕ್ಕಳನ್ನು ಶಾಲೆಗೆ ಬಿಡಲೂ ಆಗುತ್ತದೆ. ದಿನಾ ಓಡಿಸುವ ಸುಖ ನೋಡಿದರೆ ಇನ್ನೋವಾ ಎಲ್ಲಕ್ಕಿಂತ ಮೇಲು, ಆದರೆ ಹಳೆಯದಕ್ಕೂ ಬೆಲೆ ಇಳಿಯುವುದಿಲ್ಲ. ಒಂದು ಎಚ್ಚರ: 2021ರಲ್ಲಿ ಬಂದ ಹೊಸ ಸಫಾರಿಗೆ ಹಳೆಯ ಹೆಸರೇ ಇದೆ, ಆದರೆ ಅದು ಲ್ಯಾಡರ್ ಚಾಸಿ ಗಾಡಿ ಅಲ್ಲ. ಇನ್ನೋವಾದಲ್ಲಿ ಹೈಕ್ರಾಸ್ ಕೂಡ ಅಷ್ಟೇ. ಭಾರದ ಟ್ರೇಲರ್ ಎಳೆಯುವ ಯೋಚನೆ ಇದ್ದರೆ ಈ ವ್ಯತ್ಯಾಸ ನೆನಪಿಡಿ.

ತೊಟ್ಟಿ ಬೇಕೇ ಬೇಕು ಅನ್ನುವವರಿಗೆ ಆಯ್ಕೆಗಳು ಹೀಗಿವೆ.

ಮಹೀಂದ್ರಾ ಬೊಲೆರೊ ಕ್ಯಾಂಪರ್ ಎರಡು ಸಾಲು ಸೀಟಿನ ಗಟ್ಟಿ ಗಾಡಿ. ಊರಿನ ಯಾವ ಗ್ಯಾರೇಜಿನಲ್ಲೂ ರಿಪೇರಿ ಆಗುತ್ತದೆ, ಬಿಡಿಭಾಗ ಸಂಕೇಶ್ವರದಲ್ಲೂ ಸಿಗುತ್ತವೆ, ಸಾಸ್ವಡದಲ್ಲೂ ಸಿಗುತ್ತವೆ. ಆದರೆ ಹಿಂದೆ ಪಾಟಾ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಇರುವುದರಿಂದ ಖಾಲಿ ಇದ್ದಾಗ ಕುಲುಕುತ್ತದೆ, ಹೆದ್ದಾರಿಯಲ್ಲಿ ಗದ್ದಲ ಜಾಸ್ತಿ. ಸ್ಕಾರ್ಪಿಯೊ ಗೆಟ್‌ಅವೇ ಅದಕ್ಕಿಂತ ಆರಾಮ. ಈಗ ತಯಾರಾಗುವುದಿಲ್ಲ, ಆದರೆ ಇಂಜಿನ್ ಭಾಗಗಳು ಸ್ಕಾರ್ಪಿಯೊದ್ದೇ ಆದ್ದರಿಂದ ಚಿಂತೆ ಇಲ್ಲ. ಟಾಟಾ ಜೆನಾನ್ ಎಕ್ಸ್‌ಟಿಯ 2.2 ಲೀಟರ್ ಡೈಕಾರ್ ಇಂಜಿನ್ ಸಫಾರಿಯಲ್ಲೂ ಇತ್ತು. ಪಿಂಪ್ರಿ-ಚಿಂಚವಾಡ ಟಾಟಾದ ಊರು, ಆ ಇಂಜಿನ್ ಬಿಚ್ಚಿ ಕಟ್ಟುವ ಕೈಗಳು ಇಲ್ಲಿ ಬೇಕಾದಷ್ಟಿವೆ. ಬಾಡಿ ಭಾಗ ಸಿಗುವುದು ಮಾತ್ರ ಕಷ್ಟ, ಹಾಗಾಗಿ ಬಾಗಿಲು, ಬಂಪರ್, ಲೈಟು ಸರಿ ಇರುವ ಗಾಡಿಯನ್ನೇ ನೋಡಿ.

ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ 2016ರಲ್ಲಿ ಬಂತು. ಮೊದಲಿನ 2.5 ಲೀಟರ್ ಇಂಜಿನ್ 320 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ. ಖಾಸಗಿ ನೋಂದಣಿ ಸಿಗುತ್ತದೆ, ಐದು ಜನ ನೆಮ್ಮದಿಯಾಗಿ ಕೂರಬಹುದು. ಎಳೆಯೋಕೆ, ದಿನಾ ಓಡಿಸೋಕೆ ಎರಡಕ್ಕೂ ನನ್ನ ಮೊದಲ ಆಯ್ಕೆ ಇದೇ. ಆದರೆ ಉದ್ದ ಸುಮಾರು 5.3 ಮೀಟರ್! ಹಣ ಕೊಡುವ ಮುನ್ನ ನಿಮ್ಮ ಪಾರ್ಕಿಂಗ್ ಜಾಗವನ್ನು ಟೇಪು ಹಿಡಿದು ಅಳೆಯಿರಿ. ಪುಣೆಯ ಎಷ್ಟೋ ಸೊಸೈಟಿಗಳ, ಒಂದರ ಮೇಲೊಂದು ಗಾಡಿ ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್‌ನಲ್ಲಿ ಅದು ಹಿಡಿಯುವುದೇ ಇಲ್ಲ. 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಒಳ್ಳೆಯ ಗಾಡಿ, ಆದರೆ ಕಡಿಮೆ ಬೆಲೆ ಅನ್ನುವ ಮಾತಿಗೆ ಅದು ಬರುವುದಿಲ್ಲ.

ಡಿ-ಮ್ಯಾಕ್ಸ್, ಹೈಲಕ್ಸ್‌ನಂಥ ಗಾಡಿಗಳು ಹೊರದೇಶಗಳಲ್ಲಿ 3,500 ಕಿಲೋ ಎಳೆಯುತ್ತವೆ ಅಂತ ವಿಡಿಯೊಗಳಲ್ಲಿ ನೋಡಿರುತ್ತೀರಿ. ಆ ಅಂಕಿಯನ್ನು ಇಲ್ಲಿಗೆ ತರಬೇಡಿ. ಅಲ್ಲಿ ಬ್ರೇಕ್ ಇರುವ ಟ್ರೇಲರ್, ಕಂಪನಿ ಒಪ್ಪಿದ ಕೊಂಡಿ, ಅಲ್ಲಿನ ಮಾದರಿಗೆ ಮಾಡಿದ ಪರೀಕ್ಷೆ ಎಲ್ಲ ಸೇರಿ ಆ ಅಂಕಿ ಬಂದಿರುತ್ತದೆ. ಭಾರತದ ಮಾದರಿಯ ಕೈಪಿಡಿಯಲ್ಲಿ ಏನಿದೆಯೋ ಅದೇ ನಿಮ್ಮ ಮಿತಿ.

ಹಳದಿ ಪ್ಲೇಟಾ, ಬಿಳಿ ಪ್ಲೇಟಾ

ಬೆಲೆ ನೋಡಿ ಮನಸ್ಸು ಹಳದಿ ಪ್ಲೇಟಿನ ಕಡೆ ವಾಲುತ್ತದೆ. ಸರಕು ಸಾಗಣೆ ವಾಹನ ಅಂತ ನೋಂದಣಿ ಆಗಿರುವ ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ ಅನ್ನುವುದು ಒಂದು ಅನುಕೂಲ. ಲೈಸೆನ್ಸ್ ಬಗ್ಗೆ ಇದ್ದ ಗೊಂದಲವೂ ಕಳೆದಿದೆ. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇರುವವರು ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಆದರೂ ದಿನಾ ಓಡಿಸುವವರಿಗೆ ನಾನು ಬಿಳಿ ಪ್ಲೇಟನ್ನೇ ಹೇಳುತ್ತೇನೆ. ನಗರದ ಕೆಲವು ರಸ್ತೆಗಳಲ್ಲಿ ಸರಕು ವಾಹನಕ್ಕೆ ಸಮಯದ ನಿರ್ಬಂಧ ಇರುತ್ತದೆ. ಎಷ್ಟೋ ಸೊಸೈಟಿಗಳು ಹಳದಿ ಪ್ಲೇಟನ್ನು ಒಳಗೆ ಬಿಡುವುದಿಲ್ಲ. ಮುಂದೆ ಪ್ರೈವೇಟ್ ಮಾಡಿಸಿಕೊಡ್ತೀವಿ ಅಂತ ಏಜೆಂಟ್ ಹೇಳಿದರೆ, ಅದು ಆದ ಮೇಲೆಯೇ ಪೂರ್ತಿ ಹಣ ಕೊಡುತ್ತೇನೆ ಅನ್ನಿ. ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಬಾಯಿಮಾತು ಸಾಲದು.

ಟ್ರೇಲರ್ ವಿಷಯದಲ್ಲಿ ಬಹಳ ಜನ ಮರೆಯುವುದು ಇದು: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ನಿಮ್ಮ ವಿಮೆಯಲ್ಲಿ ಟ್ರೇಲರ್ ಸೇರಿದೆಯಾ ಅಂತ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.

ಗಾಡಿಯ ಹಿಂದಿನ ಬದುಕು ಕೇಳಿ ತಿಳಿಯಿರಿ

ಕಿಲೋಮೀಟರ್ ಎಷ್ಟು ಅನ್ನುವುದಕ್ಕಿಂತ ಏನು ಹೊತ್ತಿತ್ತು ಅನ್ನುವುದು ಮುಖ್ಯ. ಮೀಟರ್ ತಿರುಗಿಸುವುದು ಸುಲಭ, ಚಾಸಿಯ ಆಯಾಸ ಮುಚ್ಚಿಡುವುದು ಕಷ್ಟ. ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ದಿನಾ ರಾತ್ರಿ ಈರುಳ್ಳಿ ತಂದ ಪಿಕಪ್ ಬೇರೆ, ಜುನ್ನರ್‌ನ ತೋಟದ ಮನೆಯಲ್ಲಿ ವಾರಕ್ಕೆರಡು ಸಲ ಓಡಿದ ಪಿಕಪ್ ಬೇರೆ. ಮೀನು ಸಾಗಿಸಿದ ಗಾಡಿ ನನಗೆ ಬೇಡ. ಉಪ್ಪು ನೀರು, ಕರಗಿದ ಮಂಜುಗಡ್ಡೆ ತೊಟ್ಟಿಯಿಂದ ಸೋರಿ ಚಾಸಿಯ ಸಂದಿಗಳಲ್ಲಿ ಕೂತಿರುತ್ತದೆ. ರತ್ನಾಗಿರಿ, ಮಾಲ್ವಣ, ಗೋವಾ ಕರಾವಳಿಯ ಗಾಡಿಗಳಿಗೂ ತುಕ್ಕಿನ ಪರೀಕ್ಷೆ ಎರಡು ಪಟ್ಟು ಆಗಲಿ.

ಪ್ರವಾಹದ ಗಾಡಿಗಳ ಬಗ್ಗೆ ತುಂಬ ಹುಷಾರಾಗಿರಿ. 2019ರಲ್ಲಿ ಕೊಲ್ಹಾಪುರ, ಸಾಂಗ್ಲಿ ಮುಳುಗಿದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪುಣೆಯ ಕಾತ್ರಜ್ ಕಡೆಯ ಆಂಬಿಲ್ ಓಢಾ (ಹಳ್ಳ) ಉಕ್ಕಿತು. 2021ರ ಜುಲೈಯಲ್ಲಿ ಚಿಪಳೂಣ, ಮತ್ತೆ ಕೊಲ್ಹಾಪುರ. ನೀರಲ್ಲಿ ನಿಂತ ಗಾಡಿಗಳು ತೊಳೆದು ಒರೆಸಿ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು, ಕಾರ್ಪೆಟ್ ಕೆಳಗಿನ ಸಣ್ಣ ಮರಳು, ಫ್ಯೂಸ್ ಬಾಕ್ಸಿನ ಹಸಿರು ಕಲೆ, ಎಸಿ ಹಾಕಿದಾಗ ಬರುವ ಮುಗ್ಗಲು ವಾಸನೆ ಎಲ್ಲವೂ ಅದೇ ಕತೆ ಹೇಳುತ್ತವೆ.

ಕೆಳಗೆ ಮಲಗಿ ನೋಡಿ

ಹಳೆಯ ಬಟ್ಟೆ ಹಾಕಿಕೊಂಡು, ಟಾರ್ಚ್ ಹಿಡಿದು ಹೋಗಿ. ಮೆಕ್ಯಾನಿಕ್ ಜೊತೆಗಿದ್ದರೆ ಒಳ್ಳೆಯದು, ಆದರೆ ಮಾರುವವರು ತೋರಿಸಿದ ಮೆಕ್ಯಾನಿಕ್ ಬೇಡ.

ಚಾಸಿಯ ಉದ್ದಕ್ಕೂ ಟಾರ್ಚ್ ಬಿಡಿ. ಒಂದು ಕಡೆ ಮಾತ್ರ ಹೊಸ ಕಪ್ಪು ಬಣ್ಣ ಇದ್ದರೆ ಅದರ ಕೆಳಗೆ ವೆಲ್ಡಿಂಗ್ ಇರಬಹುದು. ಹಿಂದಿನ ಅಡ್ಡಪಟ್ಟಿ, ಅಂದರೆ ಕೊಂಡಿ ಕೂರುವ ಜಾಗ, ಇದನ್ನು ನಿಧಾನವಾಗಿ ನೋಡಿ. ಬೋಲ್ಟ್ ತೂತುಗಳು ದುಂಡಗಿರಬೇಕು. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅಲ್ಲಿ ಮಿತಿ ಮೀರಿ ಎಳೆದಿದ್ದಾರೆ. ಈಗ ಕೊಂಡಿ ಇಲ್ಲದಿದ್ದರೂ ಗುರುತು ಉಳಿದಿರುತ್ತದೆ. ಬಂಪರಿಗೆ ವೆಲ್ಡ್ ಮಾಡಿದ ಕೊಂಡಿ ಇದ್ದರೆ ಅದನ್ನು ಬಳಸುವ ಯೋಚನೆ ಬಿಡಿ. ಕೊಂಡಿ ಕೂರಬೇಕಾದದ್ದು ಚಾಸಿಗೆ, ಅದೂ ಬೋಲ್ಟ್ ಹಾಕಿ. ಕೊಂಡಿಯ ಗುಂಡಿನ ಅಳತೆ, ಟ್ರೇಲರ್ ಬಾಯಿಯ ಅಳತೆ ಎರಡೂ ಒಂದೇ ಇರಬೇಕು.

ಪಾಟಾಗಳನ್ನು ಎಣಿಸಿ, ಎಡಕ್ಕೂ ಬಲಕ್ಕೂ ಹೋಲಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಜಾಸ್ತಿ ಇದ್ದರೆ ಆ ಗಾಡಿ ಅಳತೆ ಮೀರಿ ಹೊತ್ತಿದೆ ಅಂತ ಅರ್ಥ.

ಹಿಂದಿನ ಆಕ್ಸಲ್ ಹತ್ತಿರ ಒಂದು ಚಿಕ್ಕ ಸರಳು ಇರುತ್ತದೆ. ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಬದಲಿಸುವ ವಾಲ್ವ್ ಅದು, ಎಲ್‌ಎಸ್‌ಪಿವಿ ಅಂತಾರೆ. ಅನೇಕ ಪಿಕಪ್‌ಗಳಲ್ಲಿ ಅದನ್ನು ತಂತಿಯಿಂದ ಕಟ್ಟಿ ಹಾಕಿರುತ್ತಾರೆ ಅಥವಾ ತೆಗೆದೇ ಬಿಟ್ಟಿರುತ್ತಾರೆ. ಹಾಗೆ ಮಾಡಿದ ಗಾಡಿ ಖಾಲಿ ಇದ್ದಾಗ ಮಳೆಯ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಹಿಂಬದಿ ಜಾರುತ್ತದೆ, ಇಲ್ಲವೇ ಭಾರ ಇದ್ದಾಗ ಸರಿಯಾಗಿ ನಿಲ್ಲುವುದಿಲ್ಲ. ಹಳೆಯ ಹಲವು ಪಿಕಪ್‌ಗಳಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕೂಡ ಇಲ್ಲ. ಬೆಲೆ ಮಾತಾಡುವಾಗ ಇದನ್ನು ಎತ್ತಿ ಹೇಳಿ, ಕೊಂಡ ಮೇಲೆ ತಪ್ಪದೆ ಸರಿಮಾಡಿಸಿ.

ಪ್ರೊಪೆಲ್ಲರ್ ಶಾಫ್ಟನ್ನು (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಕೈಯಲ್ಲಿ ಹಿಡಿದು ತಿರುಚಿ. ಕಟಕಟ ಅಂದರೆ ಯೂನಿವರ್ಸಲ್ ಜಾಯಿಂಟ್ ಸವೆದಿದೆ. ಹಿಂದಿನ ಚಕ್ರಗಳ ಒಳಬದಿ ಎಣ್ಣೆಯಿಂದ ಒದ್ದೆಯಾಗಿದ್ದರೆ ಆಕ್ಸಲ್ ಸೀಲ್ ಹೋಗಿದೆ, ಆ ಎಣ್ಣೆ ಬ್ರೇಕ್ ಡ್ರಮ್ಮಿಗೆ ಸೇರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆ ಗುರುತು ಇರುತ್ತದೆ: 2319 ಅಂದರೆ 2019ರ 23ನೇ ವಾರ. ಗೆರೆ ಚೆನ್ನಾಗಿದ್ದರೂ ಹಳೆಯ ಟೈರಿನಲ್ಲಿ ಟ್ರೇಲರ್ ಎಳೆಯಬೇಡಿ.

ಇಂಜಿನ್, ಕ್ಲಚ್

ಗಾಡಿ ತಣ್ಣಗಿರುವಾಗಲೇ ಹೋಗಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಬಿಡದೆ ಬರುವ ನೀಲಿ ಹೊಗೆ ಎಣ್ಣೆ ಉರಿಯುತ್ತಿರುವ ಗುರುತು. ಇಂಜಿನ್ ಓಡುತ್ತಿರುವಾಗ ಎಣ್ಣೆಯ ಮುಚ್ಚಳ ತೆಗೆದರೆ ಗಾಳಿ ಜೋರಾಗಿ ನುಗ್ಗಿ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ. ಕ್ಲಚ್ ಪರೀಕ್ಷೆ ಸುಲಭ. ಮುಂದೆ ಜಾಗ ಖಾಲಿ ಇರುವ ಕಡೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಇಂಜಿನ್ ನಿಂತುಬಿಡಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ, ಟ್ರೇಲರ್ ಕಟ್ಟಿದ ಮೊದಲ ಘಟ್ಟದಲ್ಲೇ ಅದು ಮುಗಿಯುತ್ತದೆ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಹಾಕಿದ ಮಿತಿಯ ಹೆಸರು, ಬಿಎಸ್4 ಅದರ ಹಿಂದಿನದು) ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನಾ ವಾಕಡದಿಂದ ಹಿಂಜವಡಿಗೆ ಟ್ರಾಫಿಕ್‌ನಲ್ಲಿ ತೆವಳುವ ಗಾಡಿಗೆ ಆ ಅವಕಾಶ ಸಿಗುವುದೇ ಇಲ್ಲ, ಅಲ್ವಾ? ಅಂಥವರು ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಓಡಿಸಬೇಕು. ನಿಮ್ಮ ಓಡಾಟ ಪೂರ್ತಿ ನಗರದೊಳಗೇ ಆದರೆ ಚೆನ್ನಾಗಿ ನೋಡಿಕೊಂಡ ಬಿಎಸ್4 ಗಾಡಿ ತಲೆನೋವು ಕಡಿಮೆ ಮಾಡುತ್ತದೆ. ಡಿಪಿಎಫ್ ಕಿತ್ತು ಹಾಕಿದ ಗಾಡಿಯನ್ನು ಮಾತ್ರ ಕೊಳ್ಳಬೇಡಿ.

ಬೋಪದೇವ ಘಟ್ಟದಲ್ಲಿ ಓಡಿಸಿ

ಶೋರೂಮಿನ ಸುತ್ತ ಒಂದು ರೌಂಡ್ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಕೊಂಢವಾದಿಂದ ಸಾಸ್ವಡಕ್ಕೆ ಹೋಗುವ ಬೋಪದೇವ ಘಟ್ಟ ಕಡಿದಾಗಿದೆ, ಹತ್ತಿರದಲ್ಲೂ ಇದೆ. ಬೆಳಗ್ಗೆ ಬೇಗ, ಟ್ರಾಫಿಕ್ ಕಡಿಮೆ ಇರುವಾಗ ಹೋಗಿ. ನಾಲ್ಕು ಜನ ಕೂತು, ತೊಟ್ಟಿಯಲ್ಲಿ ಸ್ವಲ್ಪ ಭಾರ ಹಾಕಿ, ಎಸಿ ಹಾಕಿ ಹತ್ತಿಸಿ. ತಾಪದ ಮುಳ್ಳು ಮಧ್ಯದಿಂದ ಮೇಲೇರಬಾರದು. ಏರಿನಲ್ಲಿ ಒಮ್ಮೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಒಂದರ ಮೇಲೆಯೇ ನಿಲ್ಲುತ್ತದಾ ನೋಡಿ.

ನಿಜವಾದ ಪರೀಕ್ಷೆ ಇಳಿಯುವಾಗ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬಿಡಿ, ಇಂಜಿನ್ನೇ ಗಾಡಿಯನ್ನು ಹಿಡಿದಿಡಬೇಕು. ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೆ ಆ ಗಾಡಿ ಬೇಡವೇ ಬೇಡ. ಕೆಳಗೆ ಬಂದ ಮೇಲೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ಬಿಸಿ ಹೋಲಿಸಿ. ಮುಟ್ಟಬೇಡಿ, ಸುಡುತ್ತದೆ. ಎಡ ಬಲಗಳಲ್ಲಿ ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಆ ಬ್ರೇಕ್ ಅಂಟಿಕೊಂಡಿದೆ.

ಕಾಗದ ಪತ್ರ

ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ಮಾಲೀಕರ ಸರದಿ, ಸಾಲ, ಫಿಟ್‌ನೆಸ್, ವಿಮೆ, ಬಾಕಿ ಇ-ಚಲನ್ ನೋಡಿ. ಚಾಸಿ ನಂಬರನ್ನು ಗಾಡಿಯ ಮೇಲೆಯೇ ಓದಿ ಆರ್‌ಸಿ ಜೊತೆ ತಾಳೆ ಹಾಕಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ವರ್ಗಾವಣೆಗೆ ಫಾರ್ಮ್ 29 ಮತ್ತು 30. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ) ಪ್ಲೇಟ್ ಹಾಕಿಸಿದ್ದಾರಾ ನೋಡಿ. 15 ವರ್ಷ ದಾಟಿದ ಖಾಸಗಿ ಗಾಡಿಗೆ ಮರುನೋಂದಣಿ ಮತ್ತು ಪರಿಸರ ತೆರಿಗೆ ಸೇರುತ್ತದೆ ಅಂತ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ನಮ್ಮವರಿಗೆ ಊರಲ್ಲೇ ಕೊಳ್ಳುವ ಆಸೆ ಇರುತ್ತದೆ. ಬೆಳಗಾವಿಯ ಕೆಎ-22, ಹುಬ್ಬಳ್ಳಿ-ಧಾರವಾಡದ ಗಾಡಿ, ಗೊತ್ತಿರುವವರ ಕೈಯದ್ದು. ಇತಿಹಾಸ ಗೊತ್ತಿರುವ ಗಾಡಿ ಅನ್ನುವುದು ದೊಡ್ಡ ಲಾಭವೇ. ಆದರೆ ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ಆರ್‌ಟಿಒಗೆ ಫಾರ್ಮ್ 28 ಕೊಟ್ಟು ಎನ್‌ಒಸಿ ತರಬೇಕು, ಇಲ್ಲಿ ಮಹಾರಾಷ್ಟ್ರದ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗ ವಾಪಸ್ ಕೇಳಬೇಕು. ಇದೆಲ್ಲ ಸೇರಿಸಿದ ಮೇಲೂ ಅಗ್ಗವಾದರೆ ಮಾತ್ರ ಊರಿನ ಗಾಡಿ ತನ್ನಿ.

ವರ್ಗಾವಣೆ ಆದ 14 ದಿನದೊಳಗೆ ವಿಮೆ ನಿಮ್ಮ ಹೆಸರಿಗೆ ಆಗಲು ಅರ್ಜಿ ಹಾಕಿ. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರದ್ದು, ಅದು ನಿಮಗೆ ಬರುವುದಿಲ್ಲ. ಹಳೆಯ ಫಾಸ್ಟ್ಯಾಗ್ ಮುಚ್ಚಿಸಿ ಹೊಸದು ತೆಗೆದುಕೊಳ್ಳಿ.

ಕೊಂಡ ಮೇಲೆ

ನಿಮ್ಮ ಬಜೆಟ್ಟಿನ ಐದರಲ್ಲಿ ಒಂದು ಭಾಗವನ್ನು ಗಾಡಿಗೆ ಕೊಡದೆ ಪಕ್ಕಕ್ಕೆ ಇಡಿ. ಮೊದಲ ವಾರದಲ್ಲೇ ಅದು ಖರ್ಚಾಗಬೇಕು. ಮೊದಲು ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ತೇವ ಸೇರಿದ ಆಯಿಲ್ ಇಳಿಜಾರಿನ ಬಿಸಿಗೆ ಕುದಿದು ಪೆಡಲ್ ಮೆತ್ತಗಾಗುತ್ತದೆ. ಆಮೇಲೆ ಡ್ರಮ್ ಬಿಚ್ಚಿಸಿ ಬ್ರೇಕ್ ಲೈನರ್, ಮುಂದಿನ ಪ್ಯಾಡ್, ಕೂಲಂಟ್, ಇಂಜಿನ್ ಎಣ್ಣೆ, ಗೇರ್ ಮತ್ತು ಡಿಫರೆನ್ಶಿಯಲ್ ಎಣ್ಣೆ. ಟ್ರೇಲರ್‌ನ ಬ್ರೇಕ್ ಲೈಟು, ಇಂಡಿಕೇಟರ್ ವಯರಿಂಗ್ ಸರಿಯಾಗಿ ಸಾಕೆಟ್ ಹಾಕಿಸಿ ಮಾಡಿಸಿ, ಸುಮ್ನೆ ಟೇಪು ಸುತ್ತಬೇಡಿ.

ಮೊದಲ ಸಲ ಟ್ರೇಲರ್ ಕಟ್ಟಿದಾಗ ಖಾಲಿ ಟ್ರೇಲರ್ ಇರಲಿ. ಭಾನುವಾರ ಬೆಳಗ್ಗೆ ಭೋಸರಿ ಎಂಐಡಿಸಿಯ ಖಾಲಿ ರಸ್ತೆಯಲ್ಲಿ ರಿವರ್ಸ್ ಕಲಿಯಿರಿ. ಸುರಕ್ಷತೆಯ ಸರಪಳಿಗಳನ್ನು ಕೊಂಡಿಯ ಕೆಳಗೆ ಅಡ್ಡಡ್ಡವಾಗಿ ಹಾಕಿ. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಕೊಂಡಿಯ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿ. ಕಾತ್ರಜ್ ಸುರಂಗದ ಇಳಿಜಾರಿಗೆ ಬಂದಾಗ ಸುರಂಗದ ಒಳಗೇ ವೇಗ ಇಳಿಸಿ, ಮೂರನೇ ಗೇರಿಗೆ ಬನ್ನಿ. ಬ್ರೇಕನ್ನು ಒತ್ತಿ ಹಿಡಿಯಬೇಡಿ, ಒತ್ತಿ ಬಿಡಿ, ಒತ್ತಿ ಬಿಡಿ. ಆಗಲೂ ವೇಗ ಹೆಚ್ಚುತ್ತಿದ್ದರೆ ಎರಡನೇ ಗೇರ್ ಹಾಕಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವುದು, ಇಂಜಿನ್ ಆಫ್ ಮಾಡುವುದು ಎಂದಿಗೂ ಬೇಡ. ಇಂಜಿನ್ ಆಫ್ ಆದರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಸಹಾಯವೂ ನಿಲ್ಲುತ್ತದೆ, ಪೆಡಲ್ ಕಲ್ಲಿನಂತಾಗುತ್ತದೆ.